ಡೆನಿಸ್ ಬರ್ಕಿಟ್

ಡೆನಿಸ್ ಪಾರ್ಸನ್ಸ್ ಬರ್ಕಿಟ್ (28 ಫೆಬ್ರವರಿ 1911 – 23 ಮಾರ್ಚ್ 1993) ಐರ್ಲೆಂಡ್ ಮೂಲದ ಶಸ್ತ್ರವೈದ್ಯರು ಮತ್ತು ವೈದ್ಯಕೀಯ ಸಂಶೋಧಕರು. ಆಫ್ರಿಕಾದ ಮಕ್ಕಳಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ಕ್ಯಾನ್ಸರನ್ನು ಇವರು ಗುರುತಿಸಿ ವಿವರಿಸಿದರು. ಅದು ಇಂದು ಬರ್ಕಿಟ್ ಲಿಂಫೋಮಾ ಎಂದು ಇವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಆಹಾರದಲ್ಲಿ ನಾರಿನಂಶ ಕಡಿಮೆಯಾಗುವುದಕ್ಕೂ ಶ್ರೀಮಂತ ದೇಶಗಳಲ್ಲಿ ಹೆಚ್ಚಾಗಿರುವ ಹಲವು ಕಾಯಿಲೆಗಳಿಗೂ ಸಂಬಂಧವಿದೆ ಎಂಬ ಸಿದ್ಧಾಂತವನ್ನು ಜಗತ್ತಿನಾದ್ಯಂತ ಪ್ರಚಾರಕ್ಕೆ ತಂದವರಲ್ಲಿ ಇವರು ಪ್ರಮುಖರು. ಜಠರದ ಮೇಲ್ಭಾಗವು ಎದೆಗೂಡಿನೊಳಕ್ಕೆ ಸರಿಯುವ ಹಯಾಟಸ್ ಹರ್ನಿಯಾ ಎಂಬ ತೊಂದರೆಯು ಕೆಲವು ಜನಸಮುದಾಯಗಳಲ್ಲಿ ಹೆಚ್ಚಾಗಿಯೂ ಇನ್ನು ಕೆಲವರಲ್ಲಿ ವಿರಳವಾಗಿಯೂ ಏಕೆ ಇದೆ ಎಂಬ ಪ್ರಶ್ನೆಯನ್ನು ಇವರು 1970ರ ದಶಕದಲ್ಲಿ ಎತ್ತಿದರು. ಇದಕ್ಕೆ ಇವರು ಕೊಟ್ಟ ಉತ್ತರದ ಕುರಿತು ಚರ್ಚೆ ಇನ್ನೂ ನಡೆದಿದೆ.

ಜನನ ಮತ್ತು ಬಾಲ್ಯ

ಬರ್ಕಿಟ್ ಅವರು ಈಗಿನ ಉತ್ತರ ಐರ್ಲೆಂಡಿನ ಫರ್ಮನಾ ಕೌಂಟಿಗೆ ಸೇರಿದ ಎನ್ನಿಸ್ಕಿಲನ್ ಪಟ್ಟಣದಲ್ಲಿ ಜನಿಸಿದರು. ತಂದೆ ಜೇಮ್ಸ್ ಪಾರ್ಸನ್ಸ್ ಬರ್ಕಿಟ್ ವೃತ್ತಿಯಿಂದ ಸಿವಿಲ್ ಎಂಜಿನಿಯರ್; ಕೌಂಟಿಯ ಸರ್ವೇಯರ್ ಆಗಿದ್ದರು. ಹವ್ಯಾಸದಿಂದ ಅವರು ಪಕ್ಷಿವೀಕ್ಷಕರು. ತಮ್ಮ ಮನೆಯ ಸುತ್ತಲಿನ ರಾಬಿನ್ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ, ಒಂದೊಂದು ಹಕ್ಕಿಯ ವಾಸದ ಎಲ್ಲೆಯನ್ನು ನಕ್ಷೆಯಲ್ಲಿ ಗುರುತಿಸುವ ವಿಧಾನವನ್ನು ಬಳಸಿದ ಮೊದಲಿಗರಲ್ಲಿ ಅವರೂ ಒಬ್ಬರು. ಮುಂದೆ ಮಗನೂ ಇದೇ ರೀತಿ ರೋಗಗಳ ನೆಲೆಯನ್ನು ನಕ್ಷೆಯ ಮೇಲೆ ಗುರುತಿಸುವ ಕೆಲಸದಿಂದ ಹೆಸರಾದರು. ಚಿಕ್ಕಪ್ಪ ರೋಲಂಡ್ ಬರ್ಕಿಟ್ ಕೀನ್ಯಾದ ನೈರೋಬಿಯಲ್ಲಿ ಶಸ್ತ್ರವೈದ್ಯರಾಗಿದ್ದರು.

ಹನ್ನೊಂದನೆಯ ವಯಸ್ಸಿನಲ್ಲಿ, ಹುಡುಗರ ಜಗಳವೊಂದರಲ್ಲಿ ತೂರಿ ಬಂದ ಕಲ್ಲು ತಗುಲಿ ಬರ್ಕಿಟ್ ಅವರ ಕನ್ನಡಕ ಒಡೆಯಿತು. ಗಾಜಿನ ಚೂರುಗಳಿಂದಾದ ಗಾಯದಿಂದ ಅವರು ಬಲಗಣ್ಣನ್ನು ಶಾಶ್ವತವಾಗಿ ಕಳೆದುಕೊಂಡರು.

ಶಿಕ್ಷಣ

ಎನ್ನಿಸ್ಕಿಲನ್‌ನ ಪೋರ್ಟೋರಾ ರಾಯಲ್ ಶಾಲೆಯಲ್ಲಿಯೂ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನ ಡೀನ್ ಕ್ಲೋಸ್ ಶಾಲೆಯಲ್ಲಿಯೂ ವ್ಯಾಸಂಗ ಮಾಡಿದ ಬರ್ಕಿಟ್, 1929ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜನ್ನು ಸೇರಿದರು. ಮೊದಲು ಆರಿಸಿಕೊಂಡದ್ದು ತಂದೆಯ ವೃತ್ತಿಯಾದ ಎಂಜಿನಿಯರಿಂಗನ್ನು. ವಿದ್ಯಾರ್ಥಿಗಳ ಪ್ರಾರ್ಥನಾ ಕೂಟವೊಂದರ ಪ್ರಭಾವದಿಂದ ಅವರಲ್ಲಿ ಕ್ರೈಸ್ತ ಧರ್ಮಶ್ರದ್ಧೆ ಬಲಗೊಂಡಿತು. ಅದರ ಫಲವಾಗಿ ವೈದ್ಯಕೀಯ ಶಿಕ್ಷಣಕ್ಕೆ ಬದಲಾಯಿಸಿಕೊಂಡರು. 1935ರಲ್ಲಿ ವೈದ್ಯಕೀಯ ಪದವಿಯನ್ನೂ 1938ರಲ್ಲಿ ಎಡಿನ್‌ಬರೋ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಫೆಲೋಶಿಪ್ಪನ್ನೂ ಪಡೆದರು. ನಂತರ ಸರಕು ಸಾಗಣೆಯ ಹಡಗೊಂದರ ವೈದ್ಯರಾಗಿ ಮಂಚೂರಿಯಾದವರೆಗೆ ಪ್ರಯಾಣ ಮಾಡಿದರು.

ಆಫ್ರಿಕಾದಲ್ಲಿ ಸೇವೆ

ಪಶ್ಚಿಮ ಆಫ್ರಿಕಾದ ಬ್ರಿಟಿಷ್ ವಸಾಹತು ಸೇವೆಗೆ ಬರ್ಕಿಟ್ ಸಲ್ಲಿಸಿದ ಅರ್ಜಿ, ಒಂದೇ ಕಣ್ಣಿದೆ ಎಂಬ ಕಾರಣದಿಂದ ತಿರಸ್ಕೃತವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ 1946ರವರೆಗೆ, ಅವರು ಸೇನೆಯ ವೈದ್ಯಕೀಯ ದಳದಲ್ಲಿದ್ದು ಕೀನ್ಯಾ, ಸೊಮಾಲಿಲ್ಯಾಂಡ್ ಮತ್ತು ಸಿಲೋನ್‌ಗಳಲ್ಲಿ ಕೆಲಸ ಮಾಡಿದರು. ಯುದ್ಧ ಮುಗಿದ ಮೇಲೆ ಮತ್ತೆ ಅರ್ಜಿ ಸಲ್ಲಿಸಿ, 1946ರಲ್ಲಿ ಉಗಾಂಡಕ್ಕೆ ನೇಮಕಗೊಂಡರು.

ಅವರ ಮೊದಲ ನೆಲೆ ಉತ್ತರ ಉಗಾಂಡದ ಲ್ಯಾಂಗೋ ಜಿಲ್ಲೆಯ ಲಿರಾ. ಅಲ್ಲಿ ವೃಷಣಚೀಲದಲ್ಲಿ ನೀರು ತುಂಬುವ ಹೈಡ್ರೋಸೀಲ್ ಕಾಯಿಲೆಗೆ ಅವರು ಬಹಳ ಮಂದಿಗೆ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ರೋಗಿಗಳಲ್ಲಿ ಹೆಚ್ಚಿನವರು ಜಿಲ್ಲೆಯ ಪೂರ್ವ ಭಾಗದವರು. ಪಶ್ಚಿಮ ಭಾಗದವರು ತೀರ ಕಡಿಮೆ. ಸೊಳ್ಳೆಗಳಿಂದ ಹರಡುವ ಫೈಲೇರಿಯಾ ಹುಳುವಿನ ಸೋಂಕಿನ ಹಂಚಿಕೆಗೂ ಇದಕ್ಕೂ ಹೊಂದಿಕೆ ಇತ್ತು. ಒಂದು ಕಾಯಿಲೆ ಎಲ್ಲಿದೆ ಎಂಬುದರಷ್ಟೇ ಎಲ್ಲಿ ಇಲ್ಲ ಎಂಬುದೂ ಅದರ ಕಾರಣದ ಸುಳಿವು ಕೊಡಬಲ್ಲದು ಎಂಬ ಅವರ ಕಾರ್ಯವಿಧಾನ ಇಲ್ಲಿಂದಲೇ ಆರಂಭವಾಯಿತು. 1948ರಲ್ಲಿ ಅವರನ್ನು ಕಂಪಾಲದ ಮುಲಾಗೊ ಆಸ್ಪತ್ರೆಗೆ ವರ್ಗಾಯಿಸಲಾಯಿತು. ಅಲ್ಲಿ ಶಸ್ತ್ರಚಿಕಿತ್ಸೆಯ ಜೊತೆಗೆ ಮಕೆರೆರೆ ವೈದ್ಯಕೀಯ ಶಾಲೆಯಲ್ಲಿ ಬೋಧನೆಯನ್ನೂ ಮಾಡುತ್ತಿದ್ದರು.

ಬರ್ಕಿಟ್ ಲಿಂಫೋಮಾ

1957ರಲ್ಲಿ ಮುಲಾಗೊ ಆಸ್ಪತ್ರೆಯ ವೈದ್ಯ ಹ್ಯೂ ಟ್ರೋವೆಲ್ ಅವರು ಐದು ವರ್ಷದ ಬಾಲಕನೊಬ್ಬನನ್ನು ನೋಡಲು ಬರ್ಕಿಟ್ ಅವರನ್ನು ಕರೆದರು. ಮಗುವಿನ ಮೇಲಿನ ಮತ್ತು ಕೆಳಗಿನ ದವಡೆಗಳ ಎರಡೂ ಬದಿಗಳಲ್ಲಿ ಗಡ್ಡೆಗಳಿದ್ದವು. ಕೆಲವು ವಾರಗಳ ನಂತರ ಜಿಂಜಾ ಪಟ್ಟಣದ ಆಸ್ಪತ್ರೆಯಲ್ಲಿ ಇದೇ ಲಕ್ಷಣಗಳಿದ್ದ ಮತ್ತೊಂದು ಮಗುವನ್ನು ಅವರು ಕಂಡರು. ಆ ಮಗುವಿನ ಹೊಟ್ಟೆಯಲ್ಲಿಯೂ ಗಡ್ಡೆಗಳಿದ್ದವು. ಹಳೆಯ ದಾಖಲೆಗಳನ್ನು ಪರಿಶೀಲಿಸಿದಾಗ, ಬೇರೆ ಬೇರೆ ಅಂಗಗಳ ಬೇರೆ ಬೇರೆ ಕ್ಯಾನ್ಸರುಗಳೆಂದು ದಾಖಲಾಗಿದ್ದವುಗಳಲ್ಲಿ ಹಲವು ಒಂದೇ ರೋಗದ ರೂಪಗಳು ಎಂದು ಸ್ಪಷ್ಟವಾಯಿತು. ಈ ವಿವರಣೆಯನ್ನು ಅವರು 1958ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸರ್ಜರಿಯಲ್ಲಿ ಪ್ರಕಟಿಸಿದರು.

ರೋಗದ ವ್ಯಾಪ್ತಿಯನ್ನು ತಿಳಿಯಲು ಆಫ್ರಿಕಾದ ಆಸ್ಪತ್ರೆಗಳಿಗೆ ಛಾಯಾಚಿತ್ರ ಸಹಿತವಾದ ಪ್ರಶ್ನಾವಳಿಗಳನ್ನು ಅಂಚೆಯಲ್ಲಿ ಕಳುಹಿಸಿದರು. 1961ರ ಕೊನೆಯಲ್ಲಿ ಟೆಡ್ ವಿಲಿಯಮ್ಸ್ ಮತ್ತು ಕ್ಲಿಫರ್ಡ್ ನೆಲ್ಸನ್ ಎಂಬ ಇಬ್ಬರು ವೈದ್ಯರೊಂದಿಗೆ ಹಳೆಯ ಫೋರ್ಡ್ ಕಾರಿನಲ್ಲಿ ಹೊರಟು, ಸುಮಾರು ಹತ್ತು ವಾರಗಳಲ್ಲಿ 16,000 ಕಿಲೋಮೀಟರಿನಷ್ಟು ಸಂಚರಿಸಿ ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ಆಸ್ಪತ್ರೆಗಳಿಗೆ ಭೇಟಿ ನೀಡಿದರು. ಎತ್ತರದ, ತಂಪಾದ ಅಥವಾ ಒಣ ಪ್ರದೇಶಗಳಲ್ಲಿ ಈ ಗಡ್ಡೆ ಕಾಣುತ್ತಿರಲಿಲ್ಲ. ಬಿಸಿಲು ಮತ್ತು ಮಳೆ ಎರಡೂ ಹೆಚ್ಚಿರುವ, ಮಲೇರಿಯಾ ಸದಾ ಇರುವ ಪಟ್ಟಿಯಲ್ಲಿ ಮಾತ್ರ ಅದು ಸಾಮಾನ್ಯವಾಗಿತ್ತು.

ಅದೇ ವರ್ಷ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಬರ್ಕಿಟ್ ನೀಡಿದ ಉಪನ್ಯಾಸವನ್ನು ಕೇಳಿದ ಆಂಥನಿ ಎಪ್‌ಸ್ಟೈನ್, ಈ ಗಡ್ಡೆಯ ಮಾದರಿಗಳಲ್ಲಿ ವೈರಸ್ಸನ್ನು ಹುಡುಕಲು ತೊಡಗಿದರು. 1964ರಲ್ಲಿ ಎಪ್‌ಸ್ಟೈನ್, ಇವಾನ್ ಬಾರ್ ಮತ್ತು ಬರ್ಟ್ ಅಚಾಂಗ್ ಅವರು ಎಪ್‌ಸ್ಟೈನ್–ಬಾರ್ ವೈರಸ್ಸಿನ ಶೋಧವನ್ನು ಪ್ರಕಟಿಸಿದರು. ಮನುಷ್ಯರ ಕ್ಯಾನ್ಸರಿಗೆ ಸಂಬಂಧವಿರುವುದಾಗಿ ಗುರುತಿಸಲ್ಪಟ್ಟ ಮೊದಲ ವೈರಸ್ ಇದು. ಶಸ್ತ್ರಚಿಕಿತ್ಸೆಯಿಂದ ಗುಣವಾಗದ ಈ ರೋಗಕ್ಕೆ ಬರ್ಕಿಟ್ ಅವರು ಔಷಧಗಳ ಮೂಲಕ ಚಿಕಿತ್ಸೆಯನ್ನು ಪ್ರಯತ್ನಿಸಿದರು. ಕೆಲವೇ ಪ್ರಮಾಣಗಳ ಔಷಧದಿಂದ ಹಲವು ಮಕ್ಕಳ ಗಡ್ಡೆಗಳು ಕರಗಿದವು.

ನಾರಿನಂಶದ ಸಿದ್ಧಾಂತ

1966ರಲ್ಲಿ ಬರ್ಕಿಟ್ ಲಂಡನ್ನಿಗೆ ಮರಳಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯಲ್ಲಿ ಕೆಲಸ ಮುಂದುವರಿಸಿದರು. ಮರು ವರ್ಷ ಸಾಂಕ್ರಾಮಿಕ ರೋಗಶಾಸ್ತ್ರಜ್ಞ ರಿಚರ್ಡ್ ಡಾಲ್ ಅವರ ಮೂಲಕ ನೌಕಾಪಡೆಯ ನಿವೃತ್ತ ವೈದ್ಯ ಟಿ. ಎಲ್. ಕ್ಲೀವ್ ಅವರ ಪರಿಚಯವಾಯಿತು. ಮಹಾಯುದ್ಧದ ಕಾಲದಲ್ಲಿ ಯುದ್ಧನೌಕೆಯ ನಾವಿಕರ ಮಲಬದ್ಧತೆಗೆ ಗೋಧಿಯ ತೌಡನ್ನು ಕೊಟ್ಟು ಉಪಶಮನ ಕಂಡಿದ್ದ ಕ್ಲೀವ್, ಸಂಸ್ಕರಿಸಿದ ಸಕ್ಕರೆ ಮತ್ತು ಬಿಳಿ ಹಿಟ್ಟುಗಳೇ ಹಲವು ಆಧುನಿಕ ರೋಗಗಳ ಮೂಲ ಎಂದು ವಾದಿಸುತ್ತಿದ್ದರು. ಅವರು ಪಟ್ಟಿ ಮಾಡಿದ್ದ ಕಾಯಿಲೆಗಳಲ್ಲಿ ಹೆಚ್ಚಿನವನ್ನು ಬರ್ಕಿಟ್ ಉಗಾಂಡದಲ್ಲಿ ಕಳೆದ ಸುಮಾರು ಇಪ್ಪತ್ತು ವರ್ಷಗಳಲ್ಲಿ ವಿರಳವಾಗಿ ಕಂಡಿದ್ದರು.

ಲಿಂಫೋಮಾದ ಅಧ್ಯಯನದಲ್ಲಿ ಬೆಳೆದಿದ್ದ ಆಸ್ಪತ್ರೆಗಳ ಸಂಪರ್ಕಜಾಲವನ್ನು ಬರ್ಕಿಟ್ ಈಗ ಹೊಸ ಉದ್ದೇಶಕ್ಕೆ ಬಳಸಿದರು. ಆಫ್ರಿಕಾ ಮತ್ತು ಏಷ್ಯಾದ ಗ್ರಾಮೀಣ ಆಸ್ಪತ್ರೆಗಳ ವೈದ್ಯರಿಂದ ಅಪೆಂಡಿಸೈಟಿಸ್, ಪಿತ್ತಕೋಶದ ಕಲ್ಲು, ಮೂಲವ್ಯಾಧಿ, ಕಾಲಿನ ಉಬ್ಬಿದ ರಕ್ತನಾಳಗಳು, ದೊಡ್ಡ ಕರುಳಿನ ಕ್ಯಾನ್ಸರ್, ಕರುಳಿನ ಗೋಡೆಯಲ್ಲಿ ಚಿಕ್ಕ ಚೀಲಗಳು ಮೂಡುವ ಡೈವರ್ಟಿಕ್ಯುಲರ್ ಕಾಯಿಲೆ ಮತ್ತು ಹಯಾಟಸ್ ಹರ್ನಿಯಾ ಎಷ್ಟು ಬಾರಿ ಕಂಡುಬರುತ್ತವೆ ಎಂಬ ಮಾಹಿತಿಯನ್ನು ಸಂಗ್ರಹಿಸಿದರು. ಈ ಕಾಯಿಲೆಗಳು ಒಂದೇ ಪ್ರದೇಶದಲ್ಲಿ ಒಟ್ಟಾಗಿ ಹೆಚ್ಚಾಗುತ್ತವೆ, ಒಟ್ಟಾಗಿ ಕಡಿಮೆಯಾಗುತ್ತವೆ. ಆದ್ದರಿಂದ ಅವುಗಳಿಗೆ ಸಮಾನ ಕಾರಣವಿರಬೇಕು ಎಂಬುದು ಅವರ ತರ್ಕ.

ಕ್ಲೀವ್ ಅವರು ಸಕ್ಕರೆಗೆ ಒತ್ತು ನೀಡಿದ್ದರೆ, ಬರ್ಕಿಟ್ ಆಹಾರದಿಂದ ಕಳೆದುಹೋದ ನಾರಿನಂಶಕ್ಕೆ ಒತ್ತು ನೀಡಿದರು. ರಾಗಿ, ಜೋಳ, ಬಾಳೆಕಾಯಿ, ಗೆಣಸು ಮತ್ತು ಕಾಳುಗಳನ್ನು ತಿನ್ನುವ ಹಳ್ಳಿಗರ ಮಲವನ್ನು ಬ್ರಿಟನ್ನಿನವರ ಮಲದೊಂದಿಗೆ ಹೋಲಿಸುವ ಅಧ್ಯಯನವನ್ನು ಅಲೆಕ್ ವಾಕರ್ ಮತ್ತು ನೀಲ್ ಪೇಂಟರ್ ಅವರೊಂದಿಗೆ ನಡೆಸಿ, 1972ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಬ್ರಿಟನ್ನಿನ ನಾವಿಕರು ಮತ್ತು ಅವರ ಪತ್ನಿಯರಲ್ಲಿ ಆಹಾರದ ಶೇಷ ದೇಹದಿಂದ ಹೊರಬರಲು ಸರಾಸರಿ 83 ಗಂಟೆಗಳು ಬೇಕಾಗಿದ್ದವು. ದಿನಕ್ಕೆ ಮಲದ ತೂಕ ಸುಮಾರು 104 ಗ್ರಾಂ. ಉಗಾಂಡದ ಹಳ್ಳಿಗರಲ್ಲಿ ಇದು ಸುಮಾರು 36 ಗಂಟೆ ಮತ್ತು 470 ಗ್ರಾಂ ಆಗಿತ್ತು.

ಹಯಾಟಸ್ ಹರ್ನಿಯಾ ಕುರಿತ ಅಧ್ಯಯನ

ಎದೆಗೂಡನ್ನೂ ಉದರವನ್ನೂ ಬೇರ್ಪಡಿಸುವ ಸ್ನಾಯುವಿನ ಪದರಕ್ಕೆ ವಪೆ ಎಂದು ಹೆಸರು. ಅನ್ನನಾಳವು ವಪೆಯಲ್ಲಿರುವ ಕಿಂಡಿಯೊಂದರ ಮೂಲಕ ಹಾದು ಜಠರವನ್ನು ಸೇರುತ್ತದೆ. ಈ ಕಿಂಡಿ ಸಡಿಲಗೊಂಡು ಜಠರದ ಮೇಲ್ಭಾಗ ಎದೆಗೂಡಿನೊಳಕ್ಕೆ ಜಾರುವುದೇ ಹಯಾಟಸ್ ಹರ್ನಿಯಾ. ಅನ್ನನಾಳದ ಕೆಳತುದಿಯನ್ನು ಮುಚ್ಚಿಡುವ ಸ್ನಾಯುವಿಗೆ ವಪೆಯ ಹಿಡಿತವೂ ಬೆಂಬಲ ನೀಡುತ್ತದೆ. ಹರ್ನಿಯಾ ಆದಾಗ ಈ ಬೆಂಬಲ ಕುಗ್ಗುವುದರಿಂದ ಜಠರದ ಆಮ್ಲವು ಅನ್ನನಾಳಕ್ಕೆ ಹಿಮ್ಮುಖವಾಗಿ ಹರಿಯುವುದು ಸುಲಭವಾಗುತ್ತದೆ. ಎದೆಯುರಿ, ಹುಳಿತೇಗು ಉಂಟಾಗುತ್ತವೆ. ಆದರೆ ಹರ್ನಿಯಾ ಇರುವ ಎಲ್ಲರಿಗೂ ಎದೆಯುರಿ ಇರುವುದಿಲ್ಲ. ಎದೆಯುರಿ ಇರುವ ಎಲ್ಲರಿಗೂ ಹರ್ನಿಯಾ ಇರುವುದಿಲ್ಲ.

1973ರಲ್ಲಿ ಪಿ. ಎ. ಜೇಮ್ಸ್ ಅವರೊಂದಿಗೆ ಲ್ಯಾನ್ಸೆಟ್‌ನಲ್ಲಿಯೂ 1981ರಲ್ಲಿ ಅಮೆರಿಕದ ಪೋಷಣಶಾಸ್ತ್ರದ ಪತ್ರಿಕೆಯೊಂದರಲ್ಲಿಯೂ ಬರ್ಕಿಟ್ ಈ ವಿಷಯದ ಬಗ್ಗೆ ಬರೆದರು. ಉತ್ತರ ಅಮೆರಿಕ ಮತ್ತು ಪಶ್ಚಿಮ ಯುರೋಪಿನಲ್ಲಿ ಸಾಮಾನ್ಯವಾಗಿರುವ ಈ ಹರ್ನಿಯಾ ಆಫ್ರಿಕಾದ ಗ್ರಾಮೀಣ ಸಮುದಾಯಗಳಲ್ಲಿ ವಿರಳ ಎಂಬುದು ಅವರ ಆಧಾರವಾಕ್ಯ. ನಾರಿನಂಶವಿಲ್ಲದ ಆಹಾರದಿಂದ ಮಲ ಗಟ್ಟಿಯಾಗುತ್ತದೆ. ಅದನ್ನು ವಿಸರ್ಜಿಸಲು ತಿಣುಕಬೇಕಾಗುತ್ತದೆ. ತಿಣುಕಿದಾಗ ಉದರದೊಳಗಿನ ಒತ್ತಡ ಎದೆಗೂಡಿನೊಳಗಿನ ಒತ್ತಡಕ್ಕಿಂತ ಹೆಚ್ಚಾಗುತ್ತದೆ. ವರ್ಷಗಟ್ಟಲೆ ದಿನವೂ ಹೀಗಾಗುವುದರಿಂದ ಜಠರ ಮೇಲಕ್ಕೆ ತಳ್ಳಲ್ಪಡುತ್ತದೆ ಎಂದು ಅವರು ವಿವರಿಸಿದರು. ಹಯಾಟಸ್ ಹರ್ನಿಯಾ, ಪಿತ್ತಕೋಶದ ಕಲ್ಲು ಮತ್ತು ಡೈವರ್ಟಿಕ್ಯುಲರ್ ಕಾಯಿಲೆಗಳು ಒಬ್ಬರಲ್ಲೇ ಒಟ್ಟಿಗೆ ಕಂಡುಬರುವುದನ್ನು ಸೇಂಟ್ ತ್ರಿಕೂಟ ಎಂದು ಕರೆಯಲಾಗುತ್ತದೆ. ಈ ಮೂರಕ್ಕೂ ನಾರಿನಂಶದ ಕೊರತೆಯೇ ಸಮಾನ ಹಿನ್ನೆಲೆ ಎಂದು ಬರ್ಕಿಟ್ ಭಾವಿಸಿದ್ದರು.

ಇಂತಹ ರೋಗಗಳ ವ್ಯತ್ಯಾಸಕ್ಕೆ ಜನಾಂಗೀಯ ಗುಣಗಳು ಕಾರಣವೆಂಬುದನ್ನು ಅವರು ಒಪ್ಪಲಿಲ್ಲ. ಆಫ್ರಿಕಾ ಮೂಲದ ಅಮೆರಿಕನ್ನರಲ್ಲಿ ಈ ಗುಂಪಿನ ಕಾಯಿಲೆಗಳು ಬಿಳಿಯರಲ್ಲಿರುವಂತೆಯೇ ಸಾಮಾನ್ಯವಾಗಿರುವುದನ್ನು ಅವರು ಸಾಕ್ಷ್ಯವಾಗಿ ನೀಡಿದರು. ಹುಟ್ಟಿನಿಂದ ಬಂದದ್ದಲ್ಲದ, ಜೀವನಕ್ರಮದಿಂದ ಬಂದ ರೋಗವಾದರೆ ಅದನ್ನು ತಡೆಯಲು ಸಾಧ್ಯ ಎಂಬುದೇ ಅವರ ವಾದದ ಮುಖ್ಯ ಅಂಶವಾಗಿತ್ತು.

ಟೀಕೆಗಳು

ಬರ್ಕಿಟ್ ಅವರ ವಿಧಾನಕ್ಕೆ ಹಲವು ಆಕ್ಷೇಪಣೆಗಳು ಬಂದವು. ದವಡೆಯ ಗಡ್ಡೆಯನ್ನು ಹಳ್ಳಿಯ ಆಸ್ಪತ್ರೆಯ ವೈದ್ಯರು ಬರಿಗಣ್ಣಿನಿಂದಲೇ ಗುರುತಿಸಬಲ್ಲರು. ಹಯಾಟಸ್ ಹರ್ನಿಯಾ ಹಾಗಲ್ಲ. ರೋಗಿಗೆ ಬೇರಿಯಂ ದ್ರಾವಣ ಕುಡಿಸಿ ಎಕ್ಸ್-ರೇ ತೆಗೆದರೆ ಅಥವಾ ಎಂಡೋಸ್ಕೋಪಿ ಮಾಡಿದರೆ ಮಾತ್ರ ಅದು ಕಾಣುತ್ತದೆ. ಈ ಸೌಲಭ್ಯ ಇಲ್ಲದ ಕಡೆ ರೋಗ ಕಂಡುಬರದಿರುವುದರಿಂದ ರೋಗವೇ ಇಲ್ಲವೆಂದು ಹೇಳಲಾಗದು. ಎಕ್ಸ್-ರೇ ತೆಗೆಯುವಾಗ ರೋಗಿಯ ಹೊಟ್ಟೆಯನ್ನು ಎಷ್ಟು ಒತ್ತಲಾಗುತ್ತದೆ, ಎಷ್ಟು ಸರಿದರೆ ಹರ್ನಿಯಾ ಎಂದು ಕರೆಯಲಾಗುತ್ತದೆ ಎಂಬುದರ ಮೇಲೂ ಅಂಕಿಗಳು ಬದಲಾಗುತ್ತವೆ. ಎದೆಯುರಿಗಾಗಿ ಬಹುದೂರ ನಡೆದು ಆಸ್ಪತ್ರೆಗೆ ಬರುವ ಹಳ್ಳಿಗರೂ ಕಡಿಮೆ.

ವಯಸ್ಸಿನ ಪ್ರಶ್ನೆಯೂ ಇದೆ. ಹಯಾಟಸ್ ಹರ್ನಿಯಾ ವಯಸ್ಸಾದಂತೆ ಹೆಚ್ಚಾಗುವ ತೊಂದರೆ. ವೃದ್ಧರ ಪ್ರಮಾಣ ಕಡಿಮೆಯಿರುವ ಸಮುದಾಯದಲ್ಲಿ ಅದು ಸಹಜವಾಗಿಯೇ ಕಡಿಮೆ ಕಾಣುತ್ತದೆ. ಇದರ ಜೊತೆಗೆ, ಆಫ್ರಿಕಾದ ಹಳ್ಳಿಗರಿಗೂ ಯುರೋಪಿನ ನಗರವಾಸಿಗಳಿಗೂ ಇರುವ ವ್ಯತ್ಯಾಸ ನಾರಿನಂಶ ಒಂದೇ ಅಲ್ಲ. ದೇಹದ ತೂಕ, ದುಡಿಮೆ, ಕೊಬ್ಬಿನ ಸೇವನೆ, ಧೂಮಪಾನ, ಸೋಂಕುಗಳು ಎಲ್ಲವೂ ಭಿನ್ನವಾಗಿರುತ್ತವೆ. ಪ್ರದೇಶಗಳ ಹೋಲಿಕೆಯಿಂದ ಇವುಗಳಲ್ಲಿ ಯಾವುದು ಕಾರಣವೆಂದು ಬೇರ್ಪಡಿಸುವುದು ಕಷ್ಟ.

ನಂತರದ ಸಂಶೋಧನೆಗಳು

ಎದೆಯುರಿ ಅಥವಾ ಹುಳಿತೇಗು ವಾರಕ್ಕೊಮ್ಮೆಯಾದರೂ ಇದೆಯೇ ಎಂದು ಆಸ್ಪತ್ರೆಯ ಹೊರಗಿನ ಸಾಮಾನ್ಯ ಜನರನ್ನೇ ಕೇಳುವ ಸಮೀಕ್ಷೆಗಳು ನಂತರದ ದಶಕಗಳಲ್ಲಿ ನಡೆದವು. ಇವುಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ ಆಮ್ಲದ ಹಿಮ್ಮುಖ ಹರಿವಿನ ಕಾಯಿಲೆಯು ಉತ್ತರ ಅಮೆರಿಕದಲ್ಲಿ ಶೇ. 18.1ರಿಂದ 27.8, ಯುರೋಪಿನಲ್ಲಿ ಶೇ. 8.8ರಿಂದ 25.9, ಪೂರ್ವ ಏಷ್ಯಾದಲ್ಲಿ ಶೇ. 2.5ರಿಂದ 7.8, ಮಧ್ಯಪ್ರಾಚ್ಯದಲ್ಲಿ ಶೇ. 8.7ರಿಂದ 33.1ರಷ್ಟು ಜನರಲ್ಲಿದೆ. ಭಾರತೀಯ ಜಠರಕರುಳು ತಜ್ಞರ ಸಂಘದ ಕಾರ್ಯಪಡೆ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಚಾರಿಸಲಾದ 3,224 ಮಂದಿಯಲ್ಲಿ ಶೇ. 7.6ರಷ್ಟು ಜನರಿಗೆ ಈ ತೊಂದರೆ ಇತ್ತು. ಜನಸಮುದಾಯಗಳ ನಡುವೆ ದೊಡ್ಡ ಅಂತರವಿದೆ ಎಂಬ ಬರ್ಕಿಟ್ ಅವರ ಗ್ರಹಿಕೆಯನ್ನು ಈ ಅಂಕಿಗಳು ಎದೆಯುರಿಯ ಮಟ್ಟಿಗೆ ಸಮರ್ಥಿಸುತ್ತವೆ. ಆದರೆ ಆ ಅಂತರವು ಪಾಶ್ಚಾತ್ಯ ಮತ್ತು ಪಾಶ್ಚಾತ್ಯೇತರ ಎಂಬ ಸರಳ ವಿಭಜನೆಗೆ ಹೊಂದುವುದಿಲ್ಲ.

ಈ ಅಂತರಕ್ಕೆ ಇಂದು ನೀಡಲಾಗುವ ವಿವರಣೆಗಳಲ್ಲಿ ಬೊಜ್ಜು, ಅದರಲ್ಲಿಯೂ ಹೊಟ್ಟೆಯ ಸುತ್ತಲಿನ ಕೊಬ್ಬು ಮುಖ್ಯವಾದುದು. ಅದು ಉದರದೊಳಗಿನ ಒತ್ತಡವನ್ನು ಹೆಚ್ಚಿಸುತ್ತದೆ. ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾದ ದೀರ್ಘಕಾಲದ ಸೋಂಕು ಕೆಲವರಲ್ಲಿ ಜಠರದ ಆಮ್ಲವನ್ನೇ ಕುಗ್ಗಿಸುವುದರಿಂದ, ಆ ಸೋಂಕು ವ್ಯಾಪಕವಾಗಿರುವ ಪ್ರದೇಶಗಳಲ್ಲಿ ಹಿಮ್ಮುಖ ಹರಿವು ಕಡಿಮೆ ಕಾಣಬಹುದು. ಹಯಾಟಸ್ ಹರ್ನಿಯಾಕ್ಕೆ ವಯಸ್ಸು, ಅನ್ನನಾಳವನ್ನು ವಪೆಗೆ ಬಿಗಿದಿರುವ ಅಂಗಾಂಶದ ಸಡಿಲಿಕೆ ಮತ್ತು ಉದರದ ಒತ್ತಡಗಳನ್ನು ಕಾರಣಗಳೆಂದು ಪರಿಗಣಿಸಲಾಗಿದೆ. ಒತ್ತಡದ ಪಾತ್ರದ ಬಗ್ಗೆ ಬರ್ಕಿಟ್ ಹೇಳಿದ್ದು ಹೀಗೆ ಬೇರೆ ರೂಪದಲ್ಲಿ ಉಳಿದುಕೊಂಡಿದೆ. ಮಲಬದ್ಧತೆಯೇ ಮುಖ್ಯ ಕಾರಣವೆಂಬುದು ಸಾಬೀತಾಗಿಲ್ಲ. ನಾರ್ವೆಯಲ್ಲಿ ನಡೆದು 2004ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ನಾರಿನಂಶ ಹೆಚ್ಚಿರುವ ಬ್ರೆಡ್ ತಿನ್ನುವವರಲ್ಲಿ ಹಿಮ್ಮುಖ ಹರಿವಿನ ಲಕ್ಷಣಗಳು ಕಡಿಮೆ ಇರುವುದನ್ನು ತೋರಿಸಿತು.

ದೊಡ್ಡ ಕರುಳಿನ ಕ್ಯಾನ್ಸರಿನ ವಿಷಯದಲ್ಲಿಯೂ ಫಲಿತಾಂಶಗಳು ಏಕರೂಪವಾಗಿರಲಿಲ್ಲ. ಅಮೆರಿಕದ ದಾದಿಯರ ಬಗ್ಗೆ 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾರಿನಂಶದಿಂದ ರಕ್ಷಣೆ ಕಂಡುಬರಲಿಲ್ಲ. ಯುರೋಪಿನ ಹತ್ತು ದೇಶಗಳ 5 ಲಕ್ಷಕ್ಕೂ ಹೆಚ್ಚು ಜನರ 2003ರ ಅಧ್ಯಯನದಲ್ಲಿ ಅದು ಕಂಡುಬಂದಿತು. 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆಫ್ರಿಕಾ ಮೂಲದ 20 ಅಮೆರಿಕನ್ನರು ಮತ್ತು ದಕ್ಷಿಣ ಆಫ್ರಿಕಾದ 20 ಗ್ರಾಮೀಣರ ಆಹಾರವನ್ನು ಎರಡು ವಾರ ಪರಸ್ಪರ ಬದಲಾಯಿಸಿದಾಗ, ಕ್ಯಾನ್ಸರಿನ ಅಪಾಯವನ್ನು ಸೂಚಿಸುವ ಕರುಳಿನ ಗುಣಲಕ್ಷಣಗಳೂ ಅದಕ್ಕನುಗುಣವಾಗಿ ಬದಲಾದವು.

ಕೃತಿಗಳು

ಹ್ಯೂ ಟ್ರೋವೆಲ್ ಅವರೊಂದಿಗೆ ಬರ್ಕಿಟ್ ಸಂಪಾದಿಸಿದ ರಿಫೈನ್ಡ್ ಕಾರ್ಬೋಹೈಡ್ರೇಟ್ ಫುಡ್ಸ್ ಅಂಡ್ ಡಿಸೀಸ್ (1975) ಮತ್ತು ವೆಸ್ಟರ್ನ್ ಡಿಸೀಸಸ್ (1981) ಎಂಬ ಗ್ರಂಥಗಳು ವೈದ್ಯರಿಗಾಗಿ ಬರೆದವು. ಡೋಂಟ್ ಫರ್ಗೆಟ್ ಫೈಬರ್ ಇನ್ ಯುವರ್ ಡಯಟ್ (1979) ಜನಸಾಮಾನ್ಯರಿಗಾಗಿ ಬರೆದ ಪುಸ್ತಕ. ಅವರ ಜೀವನಚರಿತ್ರೆ ದಿ ಫೈಬರ್ ಮ್ಯಾನ್ ಎಂಬ ಹೆಸರಿನಲ್ಲಿ 1985ರಲ್ಲಿ ಪ್ರಕಟವಾಯಿತು. ಇದನ್ನು ಬರೆದವರು ಬ್ರಯಾನ್ ಕೆಲಾಕ್.

ಪ್ರಶಸ್ತಿ ಮತ್ತು ಗೌರವಗಳು

1972ರಲ್ಲಿ ಬರ್ಕಿಟ್ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು. ಅದೇ ವರ್ಷ ಅಮೆರಿಕದ ಆಲ್ಬರ್ಟ್ ಲಾಸ್ಕರ್ ಪ್ರಶಸ್ತಿಯನ್ನೂ 1973ರಲ್ಲಿ ಕೆನಡಾದ ಗೇರ್ಡ್ನರ್ ಪ್ರಶಸ್ತಿಯನ್ನೂ ಪಡೆದರು. 1974ರಲ್ಲಿ ಬ್ರಿಟಿಷ್ ಸರ್ಕಾರ ಸಿ.ಎಂ.ಜಿ. ಗೌರವ ನೀಡಿತು.

ವೈಯಕ್ತಿಕ ಜೀವನ ಮತ್ತು ನಿಧನ

ಬರ್ಕಿಟ್ 1943ರಲ್ಲಿ ದಾದಿಯಾಗಿದ್ದ ಆಲಿವ್ ರೋಜರ್ಸ್ ಅವರನ್ನು ವಿವಾಹವಾದರು. ದಂಪತಿಗೆ ಮೂವರು ಹೆಣ್ಣುಮಕ್ಕಳು. 1976ರಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿಯಿಂದ ನಿವೃತ್ತರಾದ ಮೇಲೆಯೂ ಅವರು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಗೌರವ ಸಂಶೋಧಕರಾಗಿದ್ದರು. ಹಲವು ದೇಶಗಳಲ್ಲಿ ಆಹಾರ ಮತ್ತು ರೋಗನಿರೋಧದ ಕುರಿತು ಉಪನ್ಯಾಸಗಳನ್ನು ನೀಡಿದರು. ಪಾರ್ಶ್ವವಾಯುವಿಗೆ ಒಳಗಾಗಿ 1993ರ ಮಾರ್ಚ್ 23ರಂದು ಇಂಗ್ಲೆಂಡಿನ ಗ್ಲೌಸ್ಟರ್‌ನಲ್ಲಿ ನಿಧನರಾದರು. ಆಗ ಅವರಿಗೆ 82 ವರ್ಷ ವಯಸ್ಸಾಗಿತ್ತು.